ಮೈಯ ಅರಿವು: ಬೆಳವಣಿಗೆ ಮತ್ತು ದೇಹಬಿಂಬ

ಶರೀರವನ್ನು ಸೂಚಿಸುವ ಮಾತುಗಳು ಕನ್ನಡದಲ್ಲಿ ಹಲವಿವೆ. ಮೈ, ಒಡಲು ಎಂಬವು ಅಚ್ಚಗನ್ನಡದವು. ದೇಹ, ಶರೀರ, ಕಾಯ, ತನು ಎಂಬವು ಸಂಸ್ಕೃತದಿಂದ ಬಂದವು. 'ಮೆಯ್' ಎಂಬ ಹಳಗನ್ನಡದ ರೂಪ ತಮಿಳು, ಮಲಯಾಳಗಳಲ್ಲಿಯೂ ಇದೆ; ತಮಿಳಿನಲ್ಲಿ ಅದಕ್ಕೆ 'ಸತ್ಯ' ಎಂಬ ಅರ್ಥವೂ ಉಂಟು. ಕನ್ನಡದ 'ಒಡಲು' ಆ ಎರಡು ಭಾಷೆಗಳಲ್ಲಿ 'ಉಡಲ್' ಆಗಿದೆ. ಗಡಿಯ ಎರಡೂ ಕಡೆಯ ನುಡಿಗಳನ್ನು ಕೇಳುತ್ತ ಬೆಳೆದ ವಿದ್ಯಾರ್ಥಿಗಳಿಗೆ ಈ ನಂಟು ಬೇಗ ಹೊಳೆಯುತ್ತದೆ.

ಸಂಸ್ಕೃತ ಮೂಲದ ಪದಗಳ ನಿಷ್ಪತ್ತಿಯೂ ಗಮನಾರ್ಹವಾದುದು. ಸಾಂಪ್ರದಾಯಿಕ ವಿವರಣೆಯಂತೆ 'ದೇಹ' ಎಂಬುದು ವೃದ್ಧಿಯನ್ನು ಹೇಳುವ ಧಾತುವಿನಿಂದಲೂ, 'ಶರೀರ' ಎಂಬುದು ಸವೆತವನ್ನು ಹೇಳುವ ಧಾತುವಿನಿಂದಲೂ, 'ಕಾಯ' ಎಂಬುದು ಕೂಡಿಸುವಿಕೆಯನ್ನು ಹೇಳುವ ಧಾತುವಿನಿಂದಲೂ ಬಂದಿವೆ. ಬೆಳೆಯುವುದು ದೇಹ, ಸವೆಯುವುದು ಶರೀರ, ಹಲವು ಅಂಶಗಳು ಸೇರಿ ಆದದ್ದು ಕಾಯ. ಮಾನವ ವಿಕಾಸವನ್ನು ಕುರಿತ ಇಂದಿನ ಶಾಸ್ತ್ರ ಹೇಳುವ ಮುಖ್ಯ ಸಂಗತಿಗಳು ಈ ಮೂರು ಮಾತುಗಳಲ್ಲಿ ಅಡಗಿವೆ.

ಕನ್ನಡದ ನುಡಿಗಟ್ಟುಗಳಲ್ಲಿ 'ಮೈ' ಎಂಬುದು ಬರಿಯ ಮಾಂಸ ಮೂಳೆಗಳ ಹೆಸರಾಗಿ ಉಳಿದಿಲ್ಲ. ಮೈಮರೆಯುವುದು, ಮೈಗೂಡಿಸಿಕೊಳ್ಳುವುದು, ಮೈಚಳಿ ಬಿಡುವುದು, ಮೈಯೆಲ್ಲ ಕಣ್ಣಾಗುವುದು, ಮೈಗಳ್ಳತನ ಎಂಬ ಪ್ರಯೋಗಗಳಲ್ಲಿ ಮನಸ್ಸು, ಎಚ್ಚರ, ಸ್ವಭಾವ ಎಲ್ಲವೂ ಮೈಯ ಒಳಗೇ ಸೇರಿವೆ. ವ್ಯಕ್ತಿಯು ತನ್ನ ಮೈಯನ್ನು ಹೇಗೆ ಅರಿಯುತ್ತಾನೆ, ಆ ಅರಿವು ಬೆಳವಣಿಗೆಯೊಡನೆ ಹೇಗೆ ಬದಲಾಗುತ್ತದೆ, ಅದು ಎಲ್ಲಿ ಎಡವುತ್ತದೆ ಎಂಬುದು ಈ ಲೇಖನದ ವಿಷಯ.

ದೈಹಿಕ ಸ್ವ ಎಂದರೇನು?

ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲಿ ಪ್ರಕಟಿಸಿದ ಮನಶ್ಶಾಸ್ತ್ರದ ಗ್ರಂಥದಲ್ಲಿ ಮನುಷ್ಯನ 'ಸ್ವ'ವನ್ನು ಭೌತಿಕ, ಸಾಮಾಜಿಕ, ಆಧ್ಯಾತ್ಮಿಕ ಎಂದು ವಿಂಗಡಿಸಿದರು. ಭೌತಿಕ ಸ್ವದಲ್ಲಿ ಉಡುಪು, ಮನೆ, ಕುಟುಂಬ, ಆಸ್ತಿ ಎಲ್ಲವೂ ಸೇರುತ್ತವೆ; ಆದರೆ ಅವುಗಳಲ್ಲೆಲ್ಲ ಅತ್ಯಂತ ಒಳಗಿನದು ದೇಹ. 'ನಾನು' ಎಂಬ ಮಾತಿಗೆ ಮಗು ಮೊದಲು ಕೊಡುವ ಅರ್ಥ ತನ್ನ ಮೈಯೇ.

ದೇಹದ ಅರಿವಿನಲ್ಲಿ ಎರಡು ಪದರಗಳಿವೆ. ಒಂದು, ಅಂಗಾಂಗಗಳು ಎಲ್ಲಿವೆ, ಹೇಗೆ ಚಲಿಸುತ್ತಿವೆ ಎಂಬುದನ್ನು ಮಿದುಳು ಸದಾ ಲೆಕ್ಕವಿಡುವ ವ್ಯವಸ್ಥೆ. ಕತ್ತಲಲ್ಲಿಯೂ ಕೈತುತ್ತು ನೇರವಾಗಿ ಬಾಯಿಗೆ ಹೋಗುವುದು ಇದರಿಂದ. ಇಂಗ್ಲೆಂಡಿನ ನರವೈದ್ಯರಾದ ಹೆನ್ರಿ ಹೆಡ್ ಮತ್ತು ಗಾರ್ಡನ್ ಹೋಮ್ಸ್ 1911ರಲ್ಲಿ ಇದನ್ನು ವಿವರಿಸಿದರು. ಇದನ್ನು 'ದೇಹವಿನ್ಯಾಸ' ಎನ್ನಬಹುದು. ಇನ್ನೊಂದು, ತನ್ನ ದೇಹ ಹೇಗಿದೆ ಎಂದು ವ್ಯಕ್ತಿಯು ಮನಸ್ಸಿನಲ್ಲಿ ಕಟ್ಟಿಕೊಂಡ ಚಿತ್ರ. ಆಸ್ಟ್ರಿಯದ ಮನೋವೈದ್ಯ ಪಾಲ್ ಶಿಲ್ಡರ್ 1935ರಲ್ಲಿ ಇದರ ಕುರಿತು ಇಡೀ ಗ್ರಂಥವೊಂದನ್ನು ಹೊರತಂದರು. ಇದುವೇ 'ದೇಹಬಿಂಬ'. ದೇಹವಿನ್ಯಾಸವು ಬಹುಮಟ್ಟಿಗೆ ಅರಿವಿಗೆ ಬಾರದೆ ಕೆಲಸಮಾಡುತ್ತದೆ. ದೇಹಬಿಂಬದಲ್ಲಿ ನೆನಪು, ಭಾವನೆ, ಪರರ ಮಾತು, ಸಮಾಜದ ಅಭಿರುಚಿ ಎಲ್ಲವೂ ಬೆರೆತಿರುತ್ತವೆ.

ಇವೆರಡೂ ಮಿದುಳು ಕಟ್ಟಿದವು. ಕನ್ನಡಿಯಂತೆ ಇದ್ದದ್ದನ್ನು ಇದ್ದಂತೆಯೇ ತೋರಿಸುವವಲ್ಲ. ಕೈಯನ್ನೋ ಕಾಲನ್ನೋ ಕಳೆದುಕೊಂಡವರಿಗೆ ಆ ಅಂಗ ಇನ್ನೂ ಇದೆಯೆಂಬ ಅನುಭವವೂ, ಅದರಲ್ಲಿ ನೋವೂ ಉಂಟಾಗುವುದುಂಟು. ತಮಿಳುನಾಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ಅವರು ಇಂಥವರ ಮುಂದೆ ಕನ್ನಡಿಯನ್ನಿಟ್ಟು, ಉಳಿದ ಕೈಯ ಪ್ರತಿಬಿಂಬವನ್ನು ಇಲ್ಲದ ಕೈಯ ಜಾಗದಲ್ಲಿ ಕಾಣುವಂತೆ ಮಾಡಿದಾಗ ಕೆಲವರ ನೋವು ತಗ್ಗಿತು. 1998ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ ಭಾಗಿಗಳ ಕೈಯನ್ನು ಮರೆಮಾಡಿ, ಕಣ್ಣೆದುರಿಗೆ ರಬ್ಬರಿನ ಕೈಯೊಂದನ್ನು ಇಟ್ಟು, ಎರಡನ್ನೂ ಒಂದೇ ಸಮಯಕ್ಕೆ ಕುಂಚದಿಂದ ಸವರಲಾಯಿತು. ಕೆಲವೇ ನಿಮಿಷಗಳಲ್ಲಿ ಅನೇಕರಿಗೆ ಆ ರಬ್ಬರಿನ ಕೈಯೇ ತಮ್ಮದೆಂದು ಅನಿಸತೊಡಗಿತು. ದೇಹದ ಅರಿವು ಇಷ್ಟು ಸುಲಭವಾಗಿ ಬದಲಾಗಬಲ್ಲದಾದರೆ, ವರ್ಷಗಟ್ಟಲೆ ಕಿವಿಗೆ ಬಿದ್ದ ಹೀಯಾಳಿಕೆ ಅದನ್ನು ಎಷ್ಟು ತಿದ್ದೀತು ಎಂಬುದನ್ನು ಊಹಿಸಬಹುದು.

ಮಗುವಿಗೆ ತನ್ನ ರೂಪದ ಗುರುತು ಹುಟ್ಟಿನೊಡನೆ ಬರುವುದಿಲ್ಲ. ಮಗುವಿನ ಮೂಗಿಗೆ ಅದಕ್ಕೆ ತಿಳಿಯದಂತೆ ಬಣ್ಣ ಹಚ್ಚಿ ಕನ್ನಡಿಯ ಮುಂದೆ ಕೂರಿಸುವ ಪರೀಕ್ಷೆಯೊಂದಿದೆ. ಚಿಕ್ಕ ಕೂಸು ಕನ್ನಡಿಯಲ್ಲಿರುವುದು ಬೇರೊಂದು ಮಗುವೆಂದು ಬಗೆದು ನಗುತ್ತದೆ, ಕೈಚಾಚುತ್ತದೆ. ಸುಮಾರು 18ರಿಂದ 24 ತಿಂಗಳ ನಡುವೆ ಹೆಚ್ಚಿನ ಮಕ್ಕಳು ಕನ್ನಡಿಯನ್ನು ಬಿಟ್ಟು ತಮ್ಮ ಮೂಗನ್ನೇ ಮುಟ್ಟಿಕೊಳ್ಳುತ್ತವೆ. 'ಅದು ನಾನು' ಎಂಬ ಗುರುತು ಅಲ್ಲಿ ಮೊದಲಾಗುತ್ತದೆ. ನಾಚಿಕೆ, ಮುಜುಗರಗಳೂ ಸರಿಸುಮಾರು ಅದೇ ಕಾಲದಲ್ಲಿ ಕಾಣಿಸಿಕೊಳ್ಳುತ್ತವೆ.

ಬೆಳವಣಿಗೆಯ ಕ್ರಮ

ದೇಹದ ಬೆಳವಣಿಗೆಗೆ ಒಂದು ಕ್ರಮವಿದೆ. ಆದರೆ ಎಲ್ಲರಿಗೂ ಒಂದೇ ವೇಗವಿಲ್ಲ. ಹುಟ್ಟಿದಾಗ ಮಗುವಿನ ಉದ್ದ ಸುಮಾರು 50 ಸೆಂ.ಮೀ.; ಅದರ ನಾಲ್ಕನೆಯ ಒಂದು ಭಾಗ ತಲೆಯೇ. ವಯಸ್ಕರಲ್ಲಿ ತಲೆ ಒಟ್ಟು ಎತ್ತರದ ಎಂಟನೆಯ ಒಂದು ಭಾಗದಷ್ಟು ಮಾತ್ರ. ವರ್ಷ ತುಂಬುವ ವೇಳೆಗೆ ತೂಕ ಹುಟ್ಟಿದಾಗಿನ ಮೂರರಷ್ಟಾಗುತ್ತದೆ. ಶೈಶವದ ಬೆಳವಣಿಗೆ ತಲೆಯಿಂದ ಕಾಲಿನತ್ತ, ನಡುವಿನಿಂದ ಅಂಚಿನತ್ತ ಸಾಗುತ್ತದೆ. ಕತ್ತು ನಿಲ್ಲುವುದು ಮೊದಲು, ಕೂರುವುದು ಅನಂತರ, ನಡೆಯುವುದು ಕಡೆಗೆ. ತೋಳು ಹಿಡಿತಕ್ಕೆ ಬಂದ ಮೇಲೆಯೇ ಬೆರಳುಗಳು ಹಿಡಿತಕ್ಕೆ ಬರುತ್ತವೆ.

ಬಾಲ್ಯದ ನಿಧಾನಗತಿಯ ಬೆಳವಣಿಗೆಯ ನಂತರ ಹದಿಹರೆಯ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 10ರಿಂದ 19 ವರ್ಷಗಳ ಅವಧಿಯನ್ನು ಹದಿಹರೆಯವೆಂದು ಪರಿಗಣಿಸುತ್ತದೆ. ಇದರ ಆರಂಭ ಮಿದುಳಿನಲ್ಲಿ. ಹೈಪೋಥಲಮಸ್ ಎಂಬ ಭಾಗವು ಪಿಟ್ಯುಟರಿ ಗ್ರಂಥಿಗೆ ರಾಸಾಯನಿಕ ಸಂದೇಶಗಳನ್ನು ಕಳುಹಿಸುತ್ತದೆ. ಪಿಟ್ಯುಟರಿಯು ಅಂಡಾಶಯ ಅಥವಾ ವೃಷಣಗಳನ್ನು ಪ್ರಚೋದಿಸುತ್ತದೆ. ಅಲ್ಲಿಂದ ಈಸ್ಟ್ರೋಜನ್, ಟೆಸ್ಟೋಸ್ಟಿರೋನ್ ಎಂಬ ಹಾರ್ಮೋನುಗಳು ಸ್ರವಿಸಿ ಇಡೀ ದೇಹವನ್ನು ಬದಲಿಸುತ್ತವೆ. ಈ ಬದಲಾವಣೆ ಹುಡುಗಿಯರಲ್ಲಿ ಸಾಮಾನ್ಯವಾಗಿ 8ರಿಂದ 13ರ ನಡುವೆ, ಹುಡುಗರಲ್ಲಿ 9ರಿಂದ 14ರ ನಡುವೆ ಮೊದಲಾಗುತ್ತದೆ. ಅಂದರೆ ಒಂದೇ ತರಗತಿಯ ಇಬ್ಬರು ಆರೋಗ್ಯವಂತರ ನಡುವೆ ನಾಲ್ಕೈದು ವರ್ಷಗಳ ಅಂತರವಿದ್ದರೂ ಅದು ಸಹಜವೇ. ಎತ್ತರ ಅತ್ಯಂತ ವೇಗವಾಗಿ ಏರುವ ಕಾಲ ಹುಡುಗಿಯರಿಗೆ 12ರ ಆಸುಪಾಸು, ಹುಡುಗರಿಗೆ 14ರ ಆಸುಪಾಸು. ಏಳನೆಯ ತರಗತಿಯಲ್ಲಿ ಹುಡುಗಿಯರು ಎತ್ತರವಾಗಿ ಕಾಣುವುದು ಈ ಕಾರಣದಿಂದ.

ಹದಿಹರೆಯದಲ್ಲಿ ಶೈಶವದ ಕ್ರಮ ತಿರುವುಮುರುವಾಗುತ್ತದೆ. ಮೊದಲು ಅಂಗೈ ಅಂಗಾಲುಗಳು, ಆಮೇಲೆ ಕೈಕಾಲುಗಳು, ಕೊನೆಗೆ ಮುಂಡ ಬೆಳೆಯುತ್ತದೆ. ಆದ್ದರಿಂದಲೇ ಈ ವಯಸ್ಸಿನವರಿಗೆ ತಮ್ಮ ಕೈಕಾಲು ತಮಗೇ ಉದ್ದವೆನಿಸುತ್ತವೆ. ನಡೆಯುವಾಗ ಎಡವುತ್ತಾರೆ, ವಸ್ತುಗಳನ್ನು ಬೀಳಿಸುತ್ತಾರೆ. ಚರ್ಮದ ಎಣ್ಣೆ ಗ್ರಂಥಿಗಳು ಚುರುಕಾಗಿ ಮೊಡವೆ ಮೂಡುತ್ತದೆ. ಹುಡುಗಿಯರ ಸೊಂಟ, ತೊಡೆಗಳಲ್ಲಿ ಕೊಬ್ಬು ಸೇರುವುದು, ಹುಡುಗರ ಧ್ವನಿ ಒಡೆಯುವುದು ಇವೆಲ್ಲ ಅದೇ ಹಾರ್ಮೋನುಗಳ ಕೆಲಸ. ಇವುಗಳಲ್ಲಿ ಯಾವುದೂ ಕೊರತೆಯಲ್ಲ, ಕಾಯಿಲೆಯಲ್ಲ.

ಹುಡುಗಿಯ ಮೊದಲ ಮುಟ್ಟನ್ನು ಸೂಚಿಸಲು ಕನ್ನಡದಲ್ಲಿ 'ಮೈನೆರೆದಳು', 'ದೊಡ್ಡವಳಾದಳು' ಎನ್ನುತ್ತಾರೆ. ತೆಲುಗಿನಲ್ಲಿ 'ಪೆದ್ದಮನಿಷಿ ಅಯಿಂದಿ' ಎಂದರೆ ದೊಡ್ಡ ಮನುಷ್ಯಳಾದಳು ಎಂದರ್ಥ. ತಮಿಳು, ಮಲಯಾಳ, ಮರಾಠಿಗಳ ಮಾತುಗಳು 'ವಯಸ್ಸು' ಎಂಬುದನ್ನು ಹಿಡಿದು ಹೊರಟಿವೆ. ನೆರೆಯುವುದೆಂದರೆ ತುಂಬುವುದು, ಪೂರ್ಣಗೊಳ್ಳುವುದು. ಇಷ್ಟು ಗೌರವದ ಮಾತನ್ನು ಇಟ್ಟುಕೊಂಡ ಸಮಾಜಗಳೇ ಆ ಹುಡುಗಿಯನ್ನು ಮೂಲೆಗೆ ಕೂರಿಸಿದ್ದೂ ಉಂಟು. ತನ್ನ ದೇಹ ಪೂರ್ಣಗೊಂಡಿದೆ ಎಂಬ ಸೂಚನೆಯೂ, ಅದು ಅಶುದ್ಧವೆಂಬ ಸೂಚನೆಯೂ ಆಕೆಗೆ ಒಂದೇ ದಿನ ಸಿಗುತ್ತವೆ. ಆಕೆಯ ದೇಹಬಿಂಬದಲ್ಲಿ ಮುಂದೆ ಕಾಣುವ ಗೊಂದಲಕ್ಕೆ ಇದೂ ಒಂದು ಬೇರು.

ಬೆಳವಣಿಗೆ ಹದಿಹರೆಯಕ್ಕೆ ನಿಲ್ಲುವುದಿಲ್ಲ. ಯೋಜನೆ, ಸಂಯಮಗಳನ್ನು ನಿರ್ವಹಿಸುವ ಮಿದುಳಿನ ಮುಂಭಾಗ ಇಪ್ಪತ್ತರ ನಡುವಯಸ್ಸಿನವರೆಗೂ ಮಾಗುತ್ತಿರುತ್ತದೆ. ಎಲುಬಿನ ಸಾಂದ್ರತೆ ಇಪ್ಪತ್ತು ದಾಟಿದ ಮೇಲೂ ಕೂಡುತ್ತಿರುತ್ತದೆ. ಅನಂತರ ಸ್ನಾಯುಗಳು ಮೆಲ್ಲನೆ ಕ್ಷೀಣಿಸುತ್ತವೆ. ಹೆಚ್ಚಿನ ಸ್ತ್ರೀಯರಲ್ಲಿ 45ರಿಂದ 55ರ ನಡುವೆ ಮುಟ್ಟು ನಿಲ್ಲುತ್ತದೆ. ಎರಿಕ್ ಎರಿಕ್‌ಸನ್ 1950ರ ತಮ್ಮ ಗ್ರಂಥದಲ್ಲಿ ಮಾನವಜೀವನವನ್ನು ಎಂಟು ಹಂತಗಳಾಗಿ ವಿಭಾಗಿಸಿ, ಹದಿಹರೆಯದ ಮುಖ್ಯ ಸಮಸ್ಯೆ 'ನಾನು ಯಾರು' ಎಂಬ ಪ್ರಶ್ನೆಯೆಂದರು. ದೇಹ ಅತಿ ವೇಗವಾಗಿ ಬದಲಾಗುವ ಕಾಲವೂ, ಈ ಪ್ರಶ್ನೆ ಕಾಡುವ ಕಾಲವೂ ಒಂದೇ ಆಗಿರುವುದರಿಂದ ಅದರ ಉತ್ತರವನ್ನು ಹದಿಹರೆಯದವರು ಕನ್ನಡಿಯಲ್ಲಿ ಹುಡುಕುತ್ತಾರೆ.

ದೇಹಬಿಂಬ ರೂಪುಗೊಳ್ಳುವ ಬಗೆ

ದೇಹಬಿಂಬಕ್ಕೆ ನಾಲ್ಕು ಮುಖಗಳಿವೆಯೆಂದು ವಿದ್ವಾಂಸರು ಹೇಳುತ್ತಾರೆ: ತನ್ನ ದೇಹ ತನಗೆ ಹೇಗೆ ಕಾಣುತ್ತದೆ, ಅದರ ಬಗೆಗೆ ಯಾವ ಭಾವನೆ ಇದೆ, ಯಾವ ಆಲೋಚನೆ ಇದೆ, ಅದರಿಂದ ನಡವಳಿಕೆ ಹೇಗೆ ಬದಲಾಗುತ್ತದೆ. ತೆಳ್ಳಗಿರುವ ಹುಡುಗಿ ತಾನು ದಪ್ಪವೆಂದು ಕಾಣುವುದು ಮೊದಲನೆಯದು. ಅದಕ್ಕಾಗಿ ನಾಚುವುದು ಎರಡನೆಯದು. ದಪ್ಪಗಿರುವವರನ್ನು ಯಾರೂ ಮೆಚ್ಚರೆಂದು ನಂಬುವುದು ಮೂರನೆಯದು. ಊಟ ಬಿಡುವುದು, ಕಾಲೇಜಿನ ಸಮಾರಂಭಗಳಿಂದ ದೂರ ಉಳಿಯುವುದು ನಾಲ್ಕನೆಯದು.

ಇದರಲ್ಲಿ ಪರರ ಪಾತ್ರ ದೊಡ್ಡದು. ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಹಾರ್ಟನ್ ಕೂಲಿ 1902ರಲ್ಲಿ 'ಕನ್ನಡಿಯ ಸ್ವ' ಎಂಬ ಪರಿಕಲ್ಪನೆಯನ್ನು ಮುಂದಿಟ್ಟರು. ಪರರ ಕಣ್ಣಿಗೆ ತಾನು ಹೇಗೆ ಕಾಣುತ್ತೇನೆ, ಅದನ್ನು ಅವರು ಹೇಗೆ ಎಣಿಸುತ್ತಾರೆ ಎಂದು ವ್ಯಕ್ತಿಯು ಊಹಿಸಿ, ಆ ಊಹೆಗೆ ತಕ್ಕಂತೆ ಹೆಮ್ಮೆಯನ್ನೋ ಅವಮಾನವನ್ನೋ ಪಡೆಯುತ್ತಾನೆ. ಇಲ್ಲಿ ಮುಖ್ಯವಾದದ್ದು ಊಹೆ. ಲಿಯಾನ್ ಫೆಸ್ಟಿಂಗರ್ 1954ರಲ್ಲಿ ಸಾಮಾಜಿಕ ಹೋಲಿಕೆಯ ಸಿದ್ಧಾಂತವನ್ನು ಮಂಡಿಸಿದರು: ಅಳೆಯಲು ಖಚಿತವಾದ ಮಾನದಂಡ ಇಲ್ಲದೆಡೆ ಜನರು ತಮ್ಮನ್ನು ಇತರರೊಡನೆ ಹೋಲಿಸಿಕೊಂಡು ಅಳೆಯುತ್ತಾರೆ. ಎತ್ತರಕ್ಕೆ ಅಳತೆಪಟ್ಟಿ ಇದೆ, ಚೆಲುವಿಗೆ ಇಲ್ಲ. ಆದುದರಿಂದ ಚೆಲುವಿನ ವಿಷಯದಲ್ಲಿ ಹೋಲಿಕೆಗೆ ಕೊನೆಯಿಲ್ಲ.

ಹದಿಹರೆಯದವರಿಗೆ ತಮ್ಮನ್ನು ಎಲ್ಲರೂ ಸದಾ ನೋಡುತ್ತಿದ್ದಾರೆಂಬ ಭಾವನೆ ಇರುತ್ತದೆ. ಡೇವಿಡ್ ಎಲ್ಕಿಂಡ್ 1967ರಲ್ಲಿ ಇದನ್ನು 'ಕಲ್ಪಿತ ಪ್ರೇಕ್ಷಕರು' ಎಂದು ಕರೆದರು. 2000ದಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಮುಜುಗರ ತರುವ ಚಿತ್ರವಿದ್ದ ಅಂಗಿಯನ್ನು ತೊಡಿಸಿ, ಇತರರು ಕುಳಿತಿದ್ದ ಕೋಣೆಯೊಳಗೆ ಕಳುಹಿಸಲಾಯಿತು. ಕೋಣೆಯಲ್ಲಿದ್ದವರಲ್ಲಿ ಅರ್ಧದಷ್ಟು ಮಂದಿ ತಮ್ಮ ಅಂಗಿಯ ಚಿತ್ರವನ್ನು ಗುರುತಿಸಿರುತ್ತಾರೆಂದು ತೊಟ್ಟವರು ಅಂದಾಜಿಸಿದರು. ನಿಜವಾಗಿ ಗುರುತಿಸಿದವರು ಸುಮಾರು ಕಾಲುಭಾಗ. ಮೊಡವೆಯ ಕಾರಣಕ್ಕೆ ತರಗತಿಗೆ ತಪ್ಪಿಸಿಕೊಳ್ಳುವವರು ನೆನಪಿನಲ್ಲಿ ಇಟ್ಟುಕೊಳ್ಳಬಹುದಾದ ಲೆಕ್ಕವಿದು.

ಮಾಧ್ಯಮಗಳ ಪ್ರಭಾವಕ್ಕೆ ಪೆಸಿಫಿಕ್ ಸಾಗರದ ಫಿಜಿ ದ್ವೀಪ ಒಂದು ಪ್ರಸಿದ್ಧ ನಿದರ್ಶನ. ಅಲ್ಲಿ ತುಂಬಿದ ಮೈಯೇ ಆರೋಗ್ಯದ, ಬಂಧುಗಳ ಆರೈಕೆಯ ಗುರುತಾಗಿತ್ತು. ತೆಳ್ಳಗಾದವರನ್ನು ಕಂಡರೆ ಮನೆಯವರಿಗೆ ಚಿಂತೆ. ಅಲ್ಲಿನ ನಡ್ರೋಗ ಪ್ರಾಂತಕ್ಕೆ 1995ರಲ್ಲಿ ದೂರದರ್ಶನ ಬಂತು. ಆ್ಯನ್ ಬೆಕರ್ ಎಂಬ ವೈದ್ಯ ಮಾನವಶಾಸ್ತ್ರಜ್ಞೆ ಅದೇ ವರ್ಷವೂ, ಮತ್ತೆ 1998ರಲ್ಲಿಯೂ ಶಾಲಾ ಬಾಲಕಿಯರನ್ನು ಅಧ್ಯಯನ ಮಾಡಿದರು. ತೂಕ ಇಳಿಸಲು ಬಲವಂತವಾಗಿ ವಾಂತಿ ಮಾಡಿಕೊಳ್ಳುವವರು 1995ರಲ್ಲಿ ಒಬ್ಬರೂ ಇರಲಿಲ್ಲ, 1998ರಲ್ಲಿ ಶೇ. 11.3ರಷ್ಟಿದ್ದರು. ತಾವು ತೀರ ದಪ್ಪವೆಂದು ಕೆಲವೊಮ್ಮೆಯಾದರೂ ಅನಿಸುತ್ತದೆ ಎಂದವರು ಶೇ. 74. ಮೂರು ವರ್ಷಗಳಲ್ಲಿ ಆ ಹುಡುಗಿಯರ ಮೈಕಟ್ಟಿಗಿಂತ ಹೆಚ್ಚಾಗಿ ಬದಲಾದದ್ದು ಅದನ್ನು ನೋಡುವ ಕಣ್ಣು. ದೂರದರ್ಶನದಲ್ಲಿ ಹೋಲಿಕೆಗೆ ನಟಿಯರಷ್ಟೇ ಇದ್ದರು. ಇಂದಿನ ಮೊಬೈಲಿನಲ್ಲಿ ತಿದ್ದಿ ನುಣುಪುಗೊಳಿಸಿದ ಗೆಳತಿಯರ ಮುಖಗಳೂ ಇವೆ, ತಿದ್ದಿದ ತನ್ನದೇ ಮುಖವೂ ಇದೆ.

ಬಣ್ಣ ಮತ್ತು ತೂಕ

ಭಾರತದಲ್ಲಿ ದೇಹಬಿಂಬವನ್ನು ಹೆಚ್ಚು ಕಾಡುವ ಎರಡು ಸಂಗತಿಗಳು ಬಣ್ಣ ಮತ್ತು ತೂಕ. ಚರ್ಮದ ಬಣ್ಣಕ್ಕೆ ಮುಖ್ಯ ಕಾರಣ ಮೆಲನಿನ್ ಎಂಬ ವರ್ಣದ್ರವ್ಯ. ಅದನ್ನು ತಯಾರಿಸುವ ಜೀವಕೋಶಗಳ ಸಂಖ್ಯೆ ಕಪ್ಪು, ಬಿಳಿ ಎಂಬ ಭೇದವಿಲ್ಲದೆ ಎಲ್ಲರಲ್ಲಿಯೂ ಸುಮಾರಾಗಿ ಒಂದೇ. ತಯಾರಾಗುವ ಮೆಲನಿನ್ನಿನ ಪ್ರಮಾಣ, ಬಗೆ, ಹರಡುವಿಕೆಗಳಲ್ಲಿ ಮಾತ್ರ ವ್ಯತ್ಯಾಸ. ಬಿಸಿಲು ಹೆಚ್ಚಿರುವ ನಾಡುಗಳಲ್ಲಿ ಮೆಲನಿನ್ ನೇರಳಾತೀತ ಕಿರಣಗಳಿಂದ ಚರ್ಮವನ್ನೂ, ದೇಹದಲ್ಲಿನ ಫೋಲೇಟ್ ಎಂಬ ಜೀವಸತ್ವವನ್ನೂ ಕಾಯುತ್ತದೆ. ಬಿಸಿಲು ಕಡಿಮೆಯಿರುವೆಡೆ ವಿಟಮಿನ್ ಡಿ ತಯಾರಿಕೆಗೆ ತಿಳಿಬಣ್ಣ ಅನುಕೂಲವಾಯಿತು. ಬಣ್ಣವೆಂಬುದು ಪೂರ್ವಿಕರು ಬಾಳಿದ ನೆಲದ, ಬಿಸಿಲಿನ ದಾಖಲೆ. ವ್ಯಕ್ತಿಯ ಯೋಗ್ಯತೆಯ ದಾಖಲೆಯಲ್ಲ.

ಮಹಾಭಾರತದ ದ್ರೌಪದಿಗೆ 'ಕೃಷ್ಣೆ' ಎಂಬ ಹೆಸರು ಬಂದದ್ದು ಆಕೆಯ ಮೈಬಣ್ಣದಿಂದ. ಕೃಷ್ಣ, ವ್ಯಾಸ ಇವರೂ ಕಪ್ಪು ಬಣ್ಣದವರು. ಕನ್ನಡದ ಮನೆಮಾತಿನಲ್ಲಿ ಎಣ್ಣೆಗೆಂಪು, ಗೋಧಿಬಣ್ಣ ಎಂದು ಬಣ್ಣಗಳನ್ನು ಸೂಕ್ಷ್ಮವಾಗಿ ಬೇರ್ಪಡಿಸುವ ಹೆಸರುಗಳಿವೆ. ಹೀಗಿದ್ದರೂ ವಧೂವರರ ಜಾಹೀರಾತಿನಲ್ಲಿ ಬೇಡಿಕೆ ಬೆಳ್ಳಗಿನ ಬಣ್ಣಕ್ಕೇ. 'ಫೇರ್ ಅಂಡ್ ಲವ್ಲಿ' ಎಂಬ ಲೇಪನ ಭಾರತದ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. ಅದರ ಹೆಸರಿನಿಂದ 'ಫೇರ್' ಎಂಬ ಮಾತು ಬಿಟ್ಟುಹೋದದ್ದು 2020ರಲ್ಲಿ. ನಿಜವಾದ ಅಪಾಯ ಇನ್ನೊಂದು ಕಡೆ ಇದೆ. ಇಸುಬು ಮೊದಲಾದ ಚರ್ಮರೋಗಗಳಿಗೆ ವೈದ್ಯರು ಕೆಲವು ದಿನಗಳ ಮಟ್ಟಿಗೆ ಬರೆದುಕೊಡುವ ಸ್ಟಿರಾಯ್ಡ್ ಮುಲಾಮುಗಳನ್ನು ಬೆಳ್ಳಗಾಗಲೆಂದು ಔಷಧದಂಗಡಿಯಿಂದ ನೇರವಾಗಿ ತಂದು ತಿಂಗಳುಗಟ್ಟಲೆ ಮುಖಕ್ಕೆ ಹಚ್ಚುವವರಿದ್ದಾರೆ. ಮೊದಲ ಕೆಲವು ವಾರ ಬಣ್ಣ ತಿಳಿಯಾದಂತೆ ಕಾಣುತ್ತದೆ. ಆಮೇಲೆ ಚರ್ಮ ತೆಳುವಾಗುತ್ತದೆ, ಕೆಂಪು ನರಗಳು ಎದ್ದು ಕಾಣುತ್ತವೆ, ಮೊಡವೆ ಹೆಚ್ಚುತ್ತದೆ, ಮುಖದ ಮೇಲೆ ಕೂದಲು ಬೆಳೆಯುತ್ತದೆ. ಹಚ್ಚುವುದನ್ನು ನಿಲ್ಲಿಸಿದರೆ ಉರಿ ಕೆರಳುವುದರಿಂದ ಬಿಡಲೂ ಆಗದ ಸ್ಥಿತಿ ಬರುತ್ತದೆ. ಇಂಥವರು ತಾವಾಗಿ ಏನನ್ನೂ ಮಾಡದೆ ಚರ್ಮವೈದ್ಯರನ್ನು ಕಾಣುವುದು ಅಗತ್ಯ.

ತೂಕದ ವಿಷಯದಲ್ಲಿ ಸಾಮಾನ್ಯವಾಗಿ ಬಳಸುವ ಅಳತೆ 'ಬಿಎಂಐ': ಕಿಲೋಗ್ರಾಮಿನಲ್ಲಿನ ತೂಕವನ್ನು ಮೀಟರಿನಲ್ಲಿನ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆ. 160 ಸೆಂ.ಮೀ. ಎತ್ತರ, 54 ಕಿ.ಗ್ರಾಂ ತೂಕದ ವ್ಯಕ್ತಿಗೆ ಅದು ಸುಮಾರು 21. ವಯಸ್ಕರಲ್ಲಿ 18.5ಕ್ಕಿಂತ ಕಡಿಮೆಯಿದ್ದರೆ ತೂಕ ಸಾಲದು. ಭಾರತೀಯರಲ್ಲಿ 23 ದಾಟಿದರೆ ಎಚ್ಚರ ಬೇಕೆಂದು ತಜ್ಞರ ಅಭಿಪ್ರಾಯ. ಇದರ ಮೂಲಸೂತ್ರವನ್ನು ರೂಪಿಸಿದವರು 19ನೇ ಶತಮಾನದ ಬೆಲ್ಜಿಯಂ ದೇಶದ ಸಂಖ್ಯಾಶಾಸ್ತ್ರಜ್ಞ ಅಡಾಲ್ಫ್ ಕ್ವೆಟಲೆ. ಅವರ ಉದ್ದೇಶ ಜನಸಮುದಾಯದ ಸರಾಸರಿಯನ್ನು ತಿಳಿಯುವುದಾಗಿತ್ತು. ಸ್ನಾಯು ಎಷ್ಟು, ಕೊಬ್ಬು ಎಷ್ಟು ಎಂಬುದನ್ನು ಈ ಸಂಖ್ಯೆ ಹೇಳಲಾರದು. ಬೆಳೆಯುವ ಮಕ್ಕಳಿಗೆ ಇದನ್ನು ವಯಸ್ಸಿನ ಪಟ್ಟಿಯೊಡನೆ ಮಾತ್ರ ಓದಬೇಕು.

ಕಣ್ಣಿಗೆ ಕಾಣುವ ರೂಪದ ಚಿಂತೆಯಲ್ಲಿ ಕಾಣದ ಕೊರತೆ ಮರೆತುಹೋಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ 15ರಿಂದ 19ರ ವಯಸ್ಸಿನ ಹುಡುಗಿಯರಲ್ಲಿ ಶೇ. 59.1ರಷ್ಟು, ಹುಡುಗರಲ್ಲಿ ಶೇ. 31.1ರಷ್ಟು ಮಂದಿಗೆ ರಕ್ತಹೀನತೆಯಿದೆ. ಬೆಳಗಿನ ಉಪಾಹಾರ ಬಿಟ್ಟು ತೆಳ್ಳಗಾಗಲು ಹೊರಟ ವಿದ್ಯಾರ್ಥಿನಿಗೆ ಮಧ್ಯಾಹ್ನದ ತರಗತಿಯಲ್ಲಿ ಬರುವ ತಲೆಸುತ್ತು, ಏದುಸಿರು, ಮರೆವುಗಳಿಗೆ ಇದು ಕಾರಣವಾಗಿರಬಹುದು. ಹುಡುಗರ ಕಷ್ಟ ಬೇರೊಂದು ಬಗೆಯದು. ಮೈಕಟ್ಟು ಬರಲೆಂದು ಜಿಮ್ಮಿನ ಪರಿಚಯದಿಂದ ಸಿಗುವ ಸ್ಟಿರಾಯ್ಡ್ ಚುಚ್ಚುಮದ್ದುಗಳನ್ನು ತೆಗೆದುಕೊಂಡರೆ ದೇಹವು ತಾನಾಗಿ ತಯಾರಿಸುವ ಟೆಸ್ಟೋಸ್ಟಿರೋನ್ ಕುಗ್ಗುತ್ತದೆ, ವೃಷಣಗಳು ಕುಗ್ಗುತ್ತವೆ, ಯಕೃತ್ತು ಮತ್ತು ಹೃದಯಕ್ಕೆ ಹಾನಿಯಾಗುತ್ತದೆ.

ಕನ್ನಡ ಕಾವ್ಯದಲ್ಲಿ ದೇಹ

ಈ ಚರ್ಚೆ ಕನ್ನಡ ಸಾಹಿತ್ಯಕ್ಕೆ ಹೊಸದಲ್ಲ. ಕ್ರಿ.ಶ. 941ರಲ್ಲಿ ರಚಿತವಾದ ಪಂಪನ ಆದಿಪುರಾಣದಲ್ಲಿ ನೀಲಾಂಜನೆಯ ನೃತ್ಯ ಪ್ರಸಂಗವಿದೆ. ನರ್ತಿಸುತ್ತಿರುವಾಗಲೇ ಆಕೆಯ ಆಯುಷ್ಯ ತೀರುತ್ತದೆ. ಇಂದ್ರನು ಅರೆಕ್ಷಣದಲ್ಲಿ ಅಂಥದೇ ರೂಪದ ಇನ್ನೊಬ್ಬಳನ್ನು ಅಲ್ಲಿ ನಿಲ್ಲಿಸುತ್ತಾನೆ. ಸಭೆಗೆ ಬದಲಾವಣೆ ತಿಳಿಯುವುದಿಲ್ಲ. ಆದಿದೇವನಿಗೆ ಮಾತ್ರ ತಿಳಿದು ವೈರಾಗ್ಯ ಮೂಡುತ್ತದೆ. ರೂಪವನ್ನಷ್ಟೇ ನೋಡುವ ಕಣ್ಣಿಗೆ ವ್ಯಕ್ತಿ ಸತ್ತದ್ದೂ ಕಾಣದು ಎಂಬುದು ಈ ಪ್ರಸಂಗಕ್ಕೆ ಇಂದು ಕೊಡಬಹುದಾದ ಒಂದು ಅರ್ಥ.

1209ರಲ್ಲಿ ರಚಿತವಾದ ಜನ್ನನ ಯಶೋಧರಚರಿತೆಯಲ್ಲಿ ರಾಣಿ ಅಮೃತಮತಿಯು ರಾತ್ರಿಯಲ್ಲಿ ಕೇಳಿಬಂದ ಮಾವುತನ ಹಾಡಿಗೆ ಮನಸೋಲುತ್ತಾಳೆ. ಆತನನ್ನು ನೋಡಿ ಬಂದ ಸಖಿ ಅವನ ಕುರೂಪವನ್ನು ಅಂಗಾಂಗವಾಗಿ ವರ್ಣಿಸಿ ಹೇಸುತ್ತಾಳೆ. ರಾಣಿಯ ಮನಸ್ಸು ಬದಲಾಗುವುದಿಲ್ಲ. ಜನ್ನನು ಇದನ್ನು ಪಾಪದ ಕಥೆಯಾಗಿ ಹೇಳಿದ್ದಾನೆ. ಆದರೆ ಅದೇ ಕಥೆಯಲ್ಲಿ ಚೆಲುವೆಂಬುದು ಕಣ್ಣಿಗಷ್ಟೇ ಸೇರಿದ್ದೇ, ದನಿಗೂ ಮನಸ್ಸಿಗೂ ಸೇರಿದ್ದೇ ಎಂಬ ಪ್ರಶ್ನೆಯನ್ನೂ ಆತ ಎತ್ತಿದ್ದಾನೆ. ಅಷ್ಟಾವಂಕನ ವರ್ಣನೆಯನ್ನು ಓದುವಾಗ ತರಗತಿಯಲ್ಲಿ ನಗು ಏಳುವುದು ಸಾಮಾನ್ಯ. ಆ ನಗು ಯಾರ ಮೇಲೆ, ಏಕೆ ಎಂದು ಕೇಳಿಕೊಳ್ಳುವುದೂ ಕಾವ್ಯದ ಓದಿನ ಒಂದು ಭಾಗವೇ.

12ನೇ ಶತಮಾನದ ವಚನಕಾರರು ದೇಹವನ್ನು ಇನ್ನೊಂದು ಬಗೆಯಲ್ಲಿ ಕಂಡರು. ಬಸವಣ್ಣನವರು ದೇಹವನ್ನೇ ದೇಗುಲವಾಗಿ ಕಂಡರು. ಅಕ್ಕಮಹಾದೇವಿಯು ತನ್ನ ಮೈಯ ಮೇಲಿನ ಪರರ ಅಧಿಕಾರವನ್ನು ನಿರಾಕರಿಸಿದಳು. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭು ಆಕೆಯ ನಗ್ನತೆಯನ್ನೂ, ಕೂದಲಿನಿಂದ ಮೈಮರೆಸಿಕೊಂಡುದನ್ನೂ ಕುರಿತು ಕಟುವಾದ ಪ್ರಶ್ನೆಗಳನ್ನು ಕೇಳುತ್ತಾನೆ, ಆಕೆ ಅಳುಕದೆ ಉತ್ತರಿಸುತ್ತಾಳೆ. ನೋಡುವವರ ದೃಷ್ಟಿಗೆ ತನ್ನ ದೇಹವನ್ನು ಒಪ್ಪಿಸದೆ ಅದನ್ನು ತಾನೇ ಅರ್ಥೈಸಿದ ಸ್ತ್ರೀಯ ದನಿ ಅದು. ಅದರ ನೆಲೆ ಅಧ್ಯಾತ್ಮವಾದರೂ ದೇಹಬಿಂಬದ ಚರ್ಚೆಗೆ ಅದರಿಂದ ಬಲ ದೊರೆಯುತ್ತದೆ.

ಭಿನ್ನ ದೇಹಗಳು

ದೇಹಬಿಂಬದ ಮಾತು ಚೆಲುವಿನ ಚರ್ಚೆಗೇ ಮುಗಿಯಬಾರದು. ಕಾಸರಗೋಡು ಜಿಲ್ಲೆಯ ಗೇರು ತೋಟಗಳ ಮೇಲೆ 2000ದವರೆಗೆ ಸುಮಾರು ಎರಡು ದಶಕಗಳ ಕಾಲ ಎಂಡೋಸಲ್ಫಾನ್ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಲಾಯಿತು. ಎಣ್ಮಕಜೆ ಮೊದಲಾದ ಪಂಚಾಯತುಗಳಲ್ಲಿ, ಅನೇಕ ಕನ್ನಡ, ತುಳು ಮಾತಿನ ಮನೆಗಳಲ್ಲಿ, ಅಂಗವೈಕಲ್ಯ ಮತ್ತು ಬುದ್ಧಿಬೆಳವಣಿಗೆಯ ತೊಂದರೆಗಳಿರುವ ಮಕ್ಕಳು ಕಂಡುಬಂದರು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ದೇಶದಾದ್ಯಂತ ಈ ವಿಷವನ್ನು ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಆದೇಶಿಸಿತು. ಆ ಮಕ್ಕಳ ಚಿತ್ರಗಳು ಪತ್ರಿಕೆಗಳಲ್ಲಿ ಬಂದದ್ದರಿಂದ ಲೋಕಕ್ಕೆ ವಿಷಯ ತಿಳಿಯಿತು. ಜೊತೆಗೆ ಒಂದು ತೊಡಕೂ ಉಂಟಾಯಿತು. ನೋಡುವವರಿಗೆ ಅವರು ವಿಷದ ಸಾಕ್ಷಿಗಳಾಗಿ ಕಂಡರು; ಹಾಡು ಮೆಚ್ಚುವ, ಕೋಪಗೊಳ್ಳುವ, ಹಟಮಾಡುವ ಮಕ್ಕಳಾಗಿ ಕಂಡದ್ದು ಅವರ ತಾಯಂದಿರಿಗಷ್ಟೇ. ಕರುಣೆಯ ನೋಟವೂ ವ್ಯಕ್ತಿಯನ್ನು ಬರಿಯ ದೇಹವಾಗಿಸಬಲ್ಲದು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಈ ದೃಷ್ಟಿಯನ್ನು ಬದಲಿಸಲು ಯತ್ನಿಸುತ್ತದೆ. ಅದು ಅಂಗವೈಕಲ್ಯವನ್ನು ದೇಹದ ಕೊರತೆಯೆಂದಷ್ಟೇ ಎಣಿಸದೆ, ಆ ದೇಹಕ್ಕೂ ಸಮಾಜ ಒಡ್ಡುವ ಅಡೆತಡೆಗಳಿಗೂ ನಡುವಿನ ಸಂಬಂಧವಾಗಿ ನೋಡುತ್ತದೆ. ಗಾಲಿಕುರ್ಚಿಯಲ್ಲಿ ಬರುವ ವಿದ್ಯಾರ್ಥಿ ಮೇಲಂತಸ್ತಿನ ತರಗತಿಗೆ ಹೋಗಲಾಗದಿದ್ದರೆ ತಿದ್ದಬೇಕಾದದ್ದು ಕಟ್ಟಡವನ್ನು.

ಆರೋಗ್ಯಕರ ದೇಹಬಿಂಬದತ್ತ

ದೇಹಬಿಂಬ ಕಲಿತದ್ದಾದುದರಿಂದ ಅದನ್ನು ತಿದ್ದಿಕೊಳ್ಳುವುದೂ ಸಾಧ್ಯ. ಇದಕ್ಕೆ ಕೆಲವು ದಾರಿಗಳಿವೆ.

ಮೊದಲನೆಯದು, ದೇಹ ಹೇಗೆ ಕಾಣುತ್ತದೆ ಎಂಬುದಕ್ಕಿಂತ ಅದು ಏನು ಮಾಡಬಲ್ಲದು ಎಂಬುದಕ್ಕೆ ಗಮನ ಕೊಡುವುದು. ಭಾರ ಹೊರುವ ತೋಳು, ಯಕ್ಷಗಾನದ ಹೆಜ್ಜೆ ಹಾಕುವ ಕಾಲು, ಭಜನೆಯಲ್ಲಿ ಸ್ವರ ಹಿಡಿಯುವ ಕಂಠ ಇವೆಲ್ಲ ದೇಹವೇ. ಆಟ, ನಡಿಗೆ, ನೃತ್ಯಗಳಲ್ಲಿ ತೊಡಗಿದವರಿಗೆ ತಮ್ಮ ಮೈಯ ಬಗ್ಗೆ ಈ ಬಗೆಯ ಅರಿವು ಬೆಳೆಯುತ್ತದೆ.

ಎರಡನೆಯದು, ಮಾತಿನ ಎಚ್ಚರ. ಕರಿಯ, ಡುಮ್ಮಿ, ಕುಳ್ಳ, ಕಡ್ಡಿ ಎಂಬ ಅಡ್ಡಹೆಸರುಗಳು ಸಲುಗೆಯ ಹೆಸರಿನಲ್ಲಿ ಓಡಾಡುತ್ತವೆ. ಬಹುದಿನಗಳ ಮೇಲೆ ಕಂಡ ನೆಂಟರು 'ಯಾಕೆ ಇಷ್ಟು ಇಳಿದುಹೋಗಿದ್ದೀ', 'ದಪ್ಪ ಆಗಿದ್ದೀಯಲ್ಲ' ಎಂದು ಮಾತು ತೆಗೆಯುವುದು ಅಕ್ಕರೆಯಿಂದಲೇ ಇರಬಹುದು. ಆಡಿದವರು ಅದನ್ನು ಮರೆಯುತ್ತಾರೆ, ಕೇಳಿದವರು ಮರೆಯುವುದಿಲ್ಲ. ಭಾಷೆಯ ವಿದ್ಯಾರ್ಥಿಗಳಿಗೆ ಪದದ ತೂಕ ಗೊತ್ತಿರುತ್ತದೆ. ಆದ್ದರಿಂದ ಇದರಲ್ಲಿ ಅವರ ಹೊಣೆ ಸ್ವಲ್ಪ ಹೆಚ್ಚು.

ಮೂರನೆಯದು, ಆಹಾರವನ್ನು ಶಿಕ್ಷೆಯಾಗಿ ಬಳಸದಿರುವುದು. ರಾಗಿ, ಜೋಳ, ಬೇಳೆ, ಸೊಪ್ಪು, ಮೊಟ್ಟೆ ಅಥವಾ ಮೀನು, ಹುಳಿ ಹಣ್ಣುಗಳು ಇವೆಲ್ಲ ಗಡಿನಾಡಿನ ಅಡುಗೆಮನೆಗಳಿಗೆ ಪರಿಚಿತವಾದವೇ. ಸೊಪ್ಪು, ಬೇಳೆಗಳೊಡನೆ ನಿಂಬೆ, ನೆಲ್ಲಿ, ಸೀಬೆಯಂಥವು ಸೇರಿದರೆ ಕಬ್ಬಿಣಾಂಶ ದೇಹಕ್ಕೆ ಚೆನ್ನಾಗಿ ಹಿಡಿಯುತ್ತದೆ. ಊಟದ ಜೊತೆಯಲ್ಲೇ ಚಹಾ ಕಾಫಿ ಕುಡಿದರೆ ಕಡಿಮೆ ಹಿಡಿಯುತ್ತದೆ.

ನಾಲ್ಕನೆಯದು, ನೆರವು ಪಡೆಯಬೇಕಾದ ಹೊತ್ತನ್ನು ಗುರುತಿಸುವುದು. ದಿನದಲ್ಲಿ ಗಂಟೆಗಟ್ಟಲೆ ರೂಪದ ಚಿಂತೆಯೇ ಆದರೆ, ಇತರರಿಗೆ ಕಾಣದ ದೋಷವೊಂದು ತನಗೆ ದೊಡ್ಡದಾಗಿ ಕಂಡು ಮನೆಯಿಂದ ಹೊರಡುವುದೇ ಕಷ್ಟವಾದರೆ, ತಿಂದ ಮೇಲೆ ವಾಂತಿ ಮಾಡಿಕೊಳ್ಳುವ ಅಭ್ಯಾಸ ಬಿದ್ದರೆ, ಮುಟ್ಟು ತಿಂಗಳುಗಟ್ಟಲೆ ನಿಂತರೆ, ಬದುಕೇ ಬೇಡವೆನಿಸಿದರೆ ಅದು ಒಣ ಅಹಂಕಾರವೂ ಅಲ್ಲ, ಹುಡುಗಾಟವೂ ಅಲ್ಲ. ಚಿಕಿತ್ಸೆಯಿಂದ ಗುಣವಾಗುವ ಸ್ಥಿತಿ ಅದು. ಕೇಂದ್ರ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ದೊರೆಯುತ್ತದೆ. ಅಲ್ಲಿ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಮಾತನಾಡಬಹುದು. 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ ಸರಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿಯೇ ಸಮಾಲೋಚನೆಯ ವ್ಯವಸ್ಥೆಯಿದೆ.

ಇಂಥ ಸಂಕಟವನ್ನು ವೈದ್ಯರಿಗೋ ಗೆಳೆಯರಿಗೋ ಹೇಳಿಕೊಳ್ಳಲು ಮಾತು ಬೇಕು. ರಾಜ್ಯದ ಭಾಷೆ ಒಂದು, ಪಾಠದ ಭಾಷೆ ಒಂದು, ಮನೆಯ ಭಾಷೆ ಒಂದು ಆಗಿರುವ ಗಡಿನಾಡಿನಲ್ಲಿ ದೇಹದ ನೋವನ್ನೂ ನಾಚಿಕೆಯನ್ನೂ ಹೇಳುವ ಪದಗಳು ಮನೆಯ ಭಾಷೆಯಲ್ಲೇ ಮೊದಲು ನಾಲಗೆಗೆ ಬರುತ್ತವೆ. ಮುಟ್ಟು, ಮೊಡವೆ, ಮೈಬಣ್ಣ, ಮೈಭಾರಗಳನ್ನು ಪಿಸುಮಾತಿಲ್ಲದೆ, ಹೀಯಾಳಿಕೆಯಿಲ್ಲದೆ ಕನ್ನಡದಲ್ಲಿ ಹೇಳುವ ರೂಢಿ ಬೆಳೆದರೆ ನೆರವು ಕೇಳುವುದು ಸುಲಭವಾಗುತ್ತದೆ. ಕನ್ನಡ ವಿಭಾಗದ ತರಗತಿಗಳು ಆ ರೂಢಿಗೆ ತಕ್ಕ ಜಾಗಗಳಾಗಬಲ್ಲವು.